ಪಿಎಚ್‌ಡಿ ಗೈಡ್ ಆರಿಸುವಾಗ ಎಚ್-ಇಂಡೆಕ್ಸ್ ಎಷ್ಟು ನಂಬಬೇಕು?

ಧಾರವಾಡದ ಎಂಎಸ್ಸಿ:

ಎಲ್ಲರಿಗೂ ನಮಸ್ಕಾರ. ಈ ವರ್ಷ ನನ್ನ ಕೆಮಿಸ್ಟ್ರಿ ಎಂಎಸ್ಸಿ ಮುಗಿಯುತ್ತದೆ. ಮುಂದೆ ಪಿಎಚ್‌ಡಿ ಮಾಡಬೇಕು, ಅದೂ ಲಿಕ್ವಿಡ್ ಕ್ರಿಸ್ಟಲ್ (ಎಲ್‌ಸಿಡಿ ಪರದೆಯಲ್ಲಿರುವಂಥ ವಸ್ತು) ಮೇಲೆ. ಯಾರ ಹತ್ತಿರ ಸೇರಬೇಕು ಅಂತ ನೋಡಲು ಒಂದು ಎಕ್ಸೆಲ್ ಶೀಟ್ ಮಾಡಿಕೊಂಡಿದ್ದೇನೆ. ಈ ವಿಷಯದಲ್ಲಿ ಕೆಲಸ ಮಾಡುವ ಪ್ರಾಧ್ಯಾಪಕರ ಹೆಸರು, ಒಟ್ಟು ಸೈಟೇಶನ್ (ಅವರ ಪ್ರಬಂಧಗಳನ್ನು ಬೇರೆ ಪ್ರಬಂಧಗಳು ಎಷ್ಟು ಸಲ ಉಲ್ಲೇಖಿಸಿವೆ ಅನ್ನುವ ಲೆಕ್ಕ), ಎಚ್-ಇಂಡೆಕ್ಸ್ ಹಾಕಿದ್ದೇನೆ. 'ವಿಶ್ವದ ಟಾಪ್ ಶೇ 2 ವಿಜ್ಞಾನಿಗಳು' ಪಟ್ಟಿಯಲ್ಲಿ ಇದ್ದಾರೋ ಇಲ್ಲವೋ ಅಂತ ಒಂದು ಕಾಲಂ ಇದೆ. ಎಚ್-ಇಂಡೆಕ್ಸ್ ಪ್ರಕಾರ ಮೇಲಿಂದ ಕೆಳಕ್ಕೆ ಜೋಡಿಸಿದ್ದೇನೆ.

ಜೋಡಿಸಿದ ಮೇಲೆ ಗೊಂದಲ ಶುರುವಾಯಿತು. ನಮ್ಮ ಮೇಡಂ ತುಂಬಾ ಹೊಗಳುವ ಒಬ್ಬರು ಶೀಟಿನ ತಳದಲ್ಲಿದ್ದಾರೆ. ಮೊದಲ ಸಾಲಿನಲ್ಲಿರುವವರ ಪ್ರಬಂಧಗಳನ್ನು ತೆರೆದರೆ ನೀರಿನ ಶುದ್ಧೀಕರಣ, ಬ್ಯಾಟರಿ, ಕ್ಯಾನ್ಸರ್ ಔಷಧ ಎಲ್ಲವೂ ಇವೆ. ಲಿಕ್ವಿಡ್ ಕ್ರಿಸ್ಟಲ್ ಮಾತ್ರ ಅಲ್ಲೊಂದು ಇಲ್ಲೊಂದು. ಜೊತೆಗೆ ಒಬ್ಬರದೇ ಎಚ್-ಇಂಡೆಕ್ಸ್ ಗೂಗಲ್ ಸ್ಕಾಲರ್‌ನಲ್ಲಿ ಒಂದು, ಸ್ಕೋಪಸ್ ಡೇಟಾಬೇಸ್‌ನಲ್ಲಿ ಇನ್ನೊಂದು. ಯಾವುದು ಸರಿ? ಈ ಶೀಟ್ ಇಟ್ಟುಕೊಂಡು ನಾನು ಮುಂದಿನ ಐದು ವರ್ಷದ ನಿರ್ಧಾರ ಮಾಡಬಹುದಾ?

ಗ್ರಂಥಾಲಯದ ಮೇಜು:

ಮೊದಲು ಸುಲಭದ ಪ್ರಶ್ನೆ. ಎರಡೂ ಸರಿ, ಎಣಿಸುವ ಜಾಗ ಬೇರೆ. ಸ್ಕೋಪಸ್ ತಾನು ಆರಿಸಿಕೊಂಡ ಜರ್ನಲ್, ಪುಸ್ತಕ, ಸಮ್ಮೇಳನಗಳೊಳಗೆ ಮಾತ್ರ ಎಣಿಸುತ್ತದೆ. ಗೂಗಲ್ ಸ್ಕಾಲರ್ ಪ್ರೀಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮುಂಚಿನ ಪ್ರತಿ), ಥೀಸಿಸ್, ಯಾವುದೋ ಸೈಟಿನಲ್ಲಿ ಬಿದ್ದಿರುವ ಪಿಡಿಎಫ್ ಎಲ್ಲವನ್ನೂ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಅಲ್ಲಿ ಸಾಮಾನ್ಯವಾಗಿ ಸಂಖ್ಯೆ ಜಾಸ್ತಿ. ಒಬ್ಬರದು ಅಲ್ಲಿಂದ, ಇನ್ನೊಬ್ಬರದು ಇಲ್ಲಿಂದ ತೆಗೆದುಕೊಂಡಿದ್ದರೆ ನಿಮ್ಮ ಜೋಡಣೆ ಆಗಲೇ ಕೆಟ್ಟಿದೆ. ಒಂದೇ ಮೂಲದಿಂದ ಮತ್ತೆ ತುಂಬಿ.

ಎಚ್-ಇಂಡೆಕ್ಸ್ ಏನು ಅಳೆಯುತ್ತದೆ ಅಂತ ಕೈಯಾರೆ ಲೆಕ್ಕ ಹಾಕಿ ನೋಡಿದರೆ ಅದರ ಗುಣವೂ ದೋಷವೂ ಒಟ್ಟಿಗೇ ಕಾಣುತ್ತವೆ. ಒಬ್ಬರ ಎಚ್ 10 ಅಂದರೆ, ತಲಾ ಕನಿಷ್ಠ 10 ಸೈಟೇಶನ್ ಬಂದ 10 ಪ್ರಬಂಧಗಳು ಅವರಿಗಿವೆ, ಆದರೆ ತಲಾ 11 ಬಂದ 11 ಇಲ್ಲ. ಈಗ ಒಬ್ಬರು ಏಳು ಪ್ರಬಂಧ ಬರೆದಿದ್ದಾರೆ ಅಂದುಕೊಳ್ಳಿ. ಅವಕ್ಕೆ ಬಂದ ಸೈಟೇಶನ್ ಹೆಚ್ಚಿನಿಂದ ಕಡಿಮೆಗೆ: 50, 18, 11, 7, 6, 5, 2. ಐದನೆಯ ಪ್ರಬಂಧಕ್ಕೆ 6 ಇದೆ, ಅಂದರೆ ಕನಿಷ್ಠ 5 ಸೈಟೇಶನ್ ಇರುವ 5 ಪ್ರಬಂಧಗಳಿವೆ. ಆರನೆಯದಕ್ಕೆ 5 ಮಾತ್ರ. ಹಾಗಾಗಿ ಎಚ್ 5. ಈಗ ಮೊದಲ ಪ್ರಬಂಧ ಜಗತ್ತನ್ನೇ ಅಲುಗಾಡಿಸಿ 50 ಹೋಗಿ 5000 ಆಯಿತು ಅನ್ನಿ. ಎಚ್ ಆಗಲೂ 5. ಆದರೆ ಆರನೆಯದಕ್ಕೆ ಒಂದೇ ಒಂದು ಸೈಟೇಶನ್ ಹೆಚ್ಚಾದರೆ ಎಚ್ 6 ಆಗುತ್ತದೆ. ಆ ಒಂದನ್ನು ಅವರೇ ತಮ್ಮ ಮುಂದಿನ ಪ್ರಬಂಧದಲ್ಲಿ ಹಾಕಿಕೊಳ್ಳಬಹುದು.

ಇದನ್ನು 2005ರಲ್ಲಿ ಕೊಟ್ಟವರು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜಾರ್ಜ್ ಹಿರ್ಶ್. ಬರೀ ಪ್ರಬಂಧಗಳ ಸಂಖ್ಯೆ ಎಣಿಸಿದರೆ ಕಸವೂ ಲೆಕ್ಕಕ್ಕೆ ಬರುತ್ತದೆ, ಬರೀ ಒಟ್ಟು ಸೈಟೇಶನ್ ಎಣಿಸಿದರೆ ಒಂದೇ ಪ್ರಬಂಧದ ಅದೃಷ್ಟ ಎಲ್ಲವನ್ನೂ ನುಂಗುತ್ತದೆ. ಎರಡರ ನಡುವೆ ಒಂದು ದಾರಿ ಬೇಕಿತ್ತು. ಅವರು ಭೌತವಿಜ್ಞಾನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು. ಆ ಪ್ರಬಂಧದಲ್ಲೇ ಜೀವವಿಜ್ಞಾನಿಗಳ ಸಂಖ್ಯೆ ಬೇರೆ ಮಟ್ಟದಲ್ಲಿರುತ್ತದೆ ಅಂತ ಬರೆದಿದ್ದಾರೆ. 2020ರಲ್ಲಿ ಹಿರ್ಶ್ ಅವರೇ, ಈ ಅಳತೆ ಕೆಲವೊಮ್ಮೆ ಪೂರ್ತಿ ಸೋಲಬಹುದು, ಕೆಟ್ಟ ಪರಿಣಾಮವನ್ನೂ ಮಾಡಬಹುದು ಎಂದು ಬರೆದರು.

ಇನ್ನೊಂದು ಮಾತು. ಎಚ್ ಎಂದೂ ಇಳಿಯುವುದಿಲ್ಲ. ನಿವೃತ್ತರಾಗಿ ಮನೆಯಲ್ಲಿದ್ದರೂ ಏರುತ್ತಲೇ ಇರುತ್ತದೆ. ನಿಮ್ಮ ಶೀಟು ಅರ್ಧ ಭಾಗ ವಯಸ್ಸಿನ ಪಟ್ಟಿ.

ಮೈಸೂರು ಗಣಿತ:

ಮೇಲಿನವರು ಕ್ಷೇತ್ರದ ವಿಷಯ ಎತ್ತಿದ್ದು ಒಳ್ಳೆಯದಾಯಿತು. 2013ರಲ್ಲಿ ಸಿ.ಎನ್.ಆರ್. ರಾವ್ ಅವರ ಎಚ್-ಇಂಡೆಕ್ಸ್ 100 ಮುಟ್ಟಿತು ಅಂತ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅದು ನಿಜಕ್ಕೂ ದೊಡ್ಡ ಸಾಧನೆ. ಹತ್ತಾರು ವರ್ಷ, ನೂರಾರು ವಿದ್ಯಾರ್ಥಿಗಳು ಮತ್ತು ಸಹೋದ್ಯೋಗಿಗಳು, ಸಾವಿರಕ್ಕೂ ಮೀರಿದ ಪ್ರಬಂಧಗಳು. ಈಗ ಬೆಂಗಳೂರಿನಲ್ಲೇ ಕೊನೆಯ ವರ್ಷಗಳನ್ನು ಕಳೆದ ಗಣಿತಜ್ಞ ಎಂ.ಎಸ್. ನರಸಿಂಹನ್ ಅವರನ್ನು ನೋಡಿ. ಸಿ.ಎಸ್. ಶೇಷಾದ್ರಿ ಜೊತೆ 1965ರಲ್ಲಿ ಬರೆದ ಒಂದು ಪ್ರಬಂಧದಿಂದ ಜ್ಯಾಮಿತಿಯ ಒಂದು ಇಡೀ ಶಾಖೆಯೇ ಬೆಳೆಯಿತು, ಆಮೇಲೆ ಭೌತವಿಜ್ಞಾನಿಗಳೂ ಅದನ್ನು ಹಿಡಿದುಕೊಂಡರು. ಇವರಿಬ್ಬರನ್ನು ಒಂದೇ ಕಾಲಂನಲ್ಲಿ ಹಾಕಿ ಜೋಡಿಸುವುದು ಟೆಸ್ಟ್ ಬ್ಯಾಟ್ಸ್‌ಮನ್‌ನನ್ನು ಟಿ-20 ಸ್ಟ್ರೈಕ್ ರೇಟ್‌ನಲ್ಲಿ ಅಳೆದಂತೆ.

ಕಾರಣ ಸರಳ. ಗಣಿತದ ಪ್ರಬಂಧದ ಕೊನೆಯಲ್ಲಿ ಉಲ್ಲೇಖಗಳೇ ಕಡಿಮೆ. ಬರೆಯುವವರು ಒಬ್ಬರೋ ಇಬ್ಬರೋ. ಪ್ರಕಟವಾಗಲು ವರ್ಷಗಟ್ಟಲೆ ಹಿಡಿಯುತ್ತದೆ. ಇನ್ನೊಂದು ತುದಿಯಲ್ಲಿ ಕಣ ಭೌತವಿಜ್ಞಾನ ಇದೆ. 2015ರಲ್ಲಿ ಹಿಗ್ಸ್ ಕಣದ ತೂಕದ ಬಗ್ಗೆ ಯುರೋಪಿನ ಸರ್ನ್ ಪ್ರಯೋಗಾಲಯದ ಎರಡು ತಂಡ ಸೇರಿ ಬರೆದ ಪ್ರಬಂಧಕ್ಕೆ 5,154 ಲೇಖಕರು. 33 ಪುಟಗಳಲ್ಲಿ ವಿಷಯ ಇರುವುದು 9 ಪುಟ, ಉಳಿದದ್ದು ಹೆಚ್ಚಾಗಿ ಹೆಸರುಗಳು. ಅದಕ್ಕೆ ಬರುವ ಪ್ರತಿ ಸೈಟೇಶನ್ ಐದು ಸಾವಿರ ಜನರಿಗೂ ಪೂರ್ತಿಯಾಗಿ ಸೇರುತ್ತದೆ. ಆ ಕಣಕ್ಕೆ ಹೆಸರು ಕೊಟ್ಟ ಪೀಟರ್ ಹಿಗ್ಸ್ 1964ರ ನಂತರ ಬರೆದದ್ದು ಹತ್ತಕ್ಕಿಂತ ಕಡಿಮೆ ಪ್ರಬಂಧ. ಇವತ್ತಿನ ಲೆಕ್ಕದಲ್ಲಿ ನನಗೆ ಕೆಲಸವೇ ಸಿಗುತ್ತಿರಲಿಲ್ಲ ಅಂತ 2013ರಲ್ಲಿ ನೊಬೆಲ್ ಬಂದ ಹೊತ್ತಿನಲ್ಲಿ ಅವರು ಹೇಳಿದ್ದರು.

ಪ್ರೋಟೀನ್ ಮೇಜು:

ನಾನು ಸ್ಟ್ರಕ್ಚರಲ್ ಬಯಾಲಜಿಯಲ್ಲಿ ಇದ್ದೇನೆ. ನಮ್ಮ ಕೆಲಸದಲ್ಲಿ ದಿನಾ ಕಣ್ಣಿಗೆ ಬೀಳುವ ಒಂದು ಉದಾಹರಣೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರಪಳಿ. ಪ್ರತಿ ಕೊಂಡಿಯಲ್ಲೂ ಎರಡು ಬಂಧಗಳ ಸುತ್ತ ಸರಪಳಿ ತಿರುಗಬಹುದು. ಆದರೆ ಮನಸ್ಸಿಗೆ ಬಂದಂತೆ ತಿರುಗಲು ಆಗುವುದಿಲ್ಲ, ಕೆಲವು ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ. ಯಾವ ಕೋನಗಳ ಜೋಡಿ ಸಾಧ್ಯ, ಯಾವುದು ಅಸಾಧ್ಯ ಅಂತ ಲೆಕ್ಕ ಹಾಕಿ ಒಂದು ಚೌಕದೊಳಗೆ ನಕ್ಷೆ ಬರೆದವರು ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್. ಮದ್ರಾಸಿನಲ್ಲಿ ಮಾಡಿದ ಕೆಲಸ, ಪ್ರಕಟವಾದದ್ದು 1963ರಲ್ಲಿ. ಆಮೇಲೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು.

ಇವತ್ತು ಜಗತ್ತಿನಲ್ಲಿ ಯಾರೇ ಹೊಸ ಪ್ರೋಟೀನಿನ ರಚನೆ ಬಿಡಿಸಿದರೂ ಮೊದಲು ನೋಡುವುದು ಈ ನಕ್ಷೆಯನ್ನೇ. ಎಷ್ಟು ಕೊಂಡಿಗಳು ಒಪ್ಪಿತ ಜಾಗದ ಹೊರಗೆ ಬಿದ್ದಿವೆ ಅಂತ ಪ್ರೋಟೀನ್ ಡೇಟಾ ಬ್ಯಾಂಕ್‌ನ ತಪಾಸಣಾ ವರದಿಯಲ್ಲಿ ಬರೆದೇ ಇರುತ್ತದೆ. ಹೊರಗೆ ಬಿದ್ದದ್ದು ಜಾಸ್ತಿ ಇದ್ದರೆ ನಿಮ್ಮ ರಚನೆಯಲ್ಲೇ ಏನೋ ಎಡವಟ್ಟಾಗಿದೆ ಅಂತ ಅರ್ಥ. ನಾವು ಪ್ರಬಂಧದ ಟೇಬಲ್‌ನಲ್ಲಿ 'ರಾಮಚಂದ್ರನ್' ಅಂತ ಒಂದು ಸಾಲು ಹಾಕಿ ಶೇಕಡಾ ಕೊಡುತ್ತೇವೆ. ಆದರೆ ಕೊನೆಯಲ್ಲಿ ಉಲ್ಲೇಖ ಕೊಡುವುದು ಯಾರಿಗೆ? ಆ ನಕ್ಷೆ ಬರೆದುಕೊಟ್ಟ ಸಾಫ್ಟ್‌ವೇರ್‌ಗೆ. ಮೊದಲು ಪ್ರೊಚೆಕ್ ಇತ್ತು, ಈಗ ಮಾಲ್‌ಪ್ರೊಬಿಟಿ. 1963ರ ಪ್ರಬಂಧದ ಹೆಸರು ಹೆಚ್ಚಿನ ಪ್ರಬಂಧಗಳಲ್ಲಿ ಬರುವುದೇ ಇಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಒಂದು ವಿಚಾರ ಎಲ್ಲರ ತಿಳಿವಳಿಕೆಯಲ್ಲಿ ಬೆರೆತು ಹೋದ ಮೇಲೆ ಅದರ ಮೂಲಕ್ಕೆ ಉಲ್ಲೇಖ ನಿಂತು ಹೋಗುತ್ತದೆ. ರಾಮನ್ ಪರಿಣಾಮವೂ ಹಾಗೇ ಅಲ್ವಾ? ರಾಮನ್ ಸ್ಪೆಕ್ಟ್ರಾ ತೆಗೆಯುವ ಯಾವ ಲ್ಯಾಬು 1928ರ ಪ್ರಬಂಧವನ್ನು ಉಲ್ಲೇಖಿಸುತ್ತದೆ?

ತಿರುಗಿಸಿ ನೋಡಿದರೆ, ಸಾರ್ವಕಾಲಿಕವಾಗಿ ಅತಿ ಹೆಚ್ಚು ಸೈಟೇಶನ್ ಪಡೆದ ಪ್ರಬಂಧ ಯಾವುದು ಗೊತ್ತಾ? ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ, 1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ಬರೆದದ್ದು. 2014ರ ಹೊತ್ತಿಗೇ 3 ಲಕ್ಷ ದಾಟಿತ್ತು. ಉಪಯುಕ್ತ ಕೆಲಸ, ಅನುಮಾನವೇ ಇಲ್ಲ. ಆದರೆ ಅದೇ ಜೀವವಿಜ್ಞಾನದ ಅತಿ ದೊಡ್ಡ ಶೋಧ ಅಂತ ಯಾರೂ ಹೇಳುವುದಿಲ್ಲ.

ಸ್ಫಟಿಕಗಳ ಜಗತ್ತಿನಲ್ಲಿ ಇನ್ನೂ ವಿಚಿತ್ರ ನಡೆದಿದೆ. ಜಾರ್ಜ್ ಶೆಲ್ಡ್ರಿಕ್, ಸ್ಫಟಿಕಗಳ ರಚನೆ ಬಿಡಿಸುವ ತಮ್ಮ ಶೆಲ್ಎಕ್ಸ್ ಸಾಫ್ಟ್‌ವೇರ್ ಬಗ್ಗೆ 2008ರಲ್ಲಿ ಒಂದು ಪ್ರಬಂಧ ಬರೆದು, ಇದನ್ನು ಬಳಸುವವರು ಈ ಪ್ರಬಂಧವನ್ನು ಉಲ್ಲೇಖಿಸಬಹುದು ಅಂದರು. ಎಲ್ಲರೂ ಉಲ್ಲೇಖಿಸಿದರು. ಆ ಒಂದೇ ಪ್ರಬಂಧದಿಂದ ಆಕ್ಟಾ ಕ್ರಿಸ್ಟಲೊಗ್ರಾಫಿಕಾ ಎ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಈಚಿನ ಪ್ರಬಂಧಗಳಿಗೆ ಸರಾಸರಿ ಎಷ್ಟು ಸೈಟೇಶನ್ ಬಂದವು ಅನ್ನುವ ಅಂಕ) 2.051 ಇದ್ದದ್ದು 2009ರಲ್ಲಿ 49.926 ಆಯಿತು. ಉಳಿದ ಲೇಖಕರು ಏನನ್ನೂ ಬೇರೆಯಾಗಿ ಮಾಡಿರಲಿಲ್ಲ.

ತಾಲೂಕು ಕಾಲೇಜಿನಿಂದ:

ನೀವೆಲ್ಲ ಹೇಳುತ್ತಿರುವುದು ನಿಜ. ಆದರೂ ಸಂಖ್ಯೆಯ ಪರವಾಗಿ ನಾನು ಮಾತಾಡಲೇಬೇಕು, ಯಾಕೆಂದರೆ ಅದು ನನಗೆ ಅನ್ನ ಕೊಟ್ಟಿದೆ.

ನಾನು ದೊಡ್ಡ ಸಂಸ್ಥೆಯಲ್ಲಿ ಓದಿದವನಲ್ಲ. ನನ್ನ ಗೈಡ್ ಹೆಸರು ಯಾರಿಗೂ ಗೊತ್ತಿಲ್ಲ. ಸಂದರ್ಶನಗಳಲ್ಲಿ ಮೊದಲ ಪ್ರಶ್ನೆ 'ಯಾರ ಸ್ಟೂಡೆಂಟ್ ನೀನು?' ಆ ಪ್ರಶ್ನೆಯ ಹಿಂದೆ ಊರು, ಜಾತಿ, ಇಂಗ್ಲಿಷ್, ಪರಿಚಯ ಎಲ್ಲವೂ ಇರುತ್ತದೆ. ಒಂದು ಕಡೆ ಮಾತ್ರ ಸಮಿತಿಯಲ್ಲಿದ್ದ ಒಬ್ಬರು ನನ್ನ ಪ್ರಬಂಧಗಳಿಗೆ ಬೇರೆ ದೇಶದ ಗುಂಪುಗಳಿಂದ ಬಂದ ಸೈಟೇಶನ್ ತೆರೆದು ಉಳಿದವರಿಗೆ ತೋರಿಸಿದರು. ಅಲ್ಲಿಂದ ಮಾತಿನ ಧಾಟಿಯೇ ಬದಲಾಯಿತು. 'ಸಂಖ್ಯೆ ಬೇಡ, ತಜ್ಞರ ಅಭಿಪ್ರಾಯ ಸಾಕು' ಅನ್ನುವವರು ಆ ತಜ್ಞರು ಯಾರು ಅಂತಲೂ ಹೇಳಬೇಕು. ಯಾರಿಗೂ ಪರಿಚಯ ಇಲ್ಲದವನಿಗೆ ಎಲ್ಲರ ಕಣ್ಣಿಗೂ ಕಾಣುವ ಒಂದು ಸಂಖ್ಯೆ ದೊಡ್ಡ ಆಸರೆ.

ಪ್ರೋಟೀನ್ ಮೇಜು:

ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಗಮನಿಸಿ, ಆ ಸಮಿತಿಯವರು ನಿಮ್ಮ ಎಚ್ ಎಷ್ಟು ಅಂತ ನೋಡಿ ನಿಲ್ಲಿಸಲಿಲ್ಲ. ಯಾರು ಉಲ್ಲೇಖಿಸಿದ್ದಾರೆ, ಎಲ್ಲಿಂದ ಅಂತ ತೆರೆದು ನೋಡಿದರು. ನಿಮಗೆ ಕೆಲಸ ಕೊಡಿಸಿದ್ದು ಆ ತೆರೆದು ನೋಡುವಿಕೆ. ನಾನು ಕೇಳುತ್ತಿರುವುದೂ ಅಷ್ಟೇ.

ಜರ್ಮನಿಯ ಪೋಸ್ಟ್‌ಡಾಕ್:

'ಟಾಪ್ ಶೇ 2' ಕಾಲಂ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಪ್ರತಿ ವರ್ಷ ಅದು ಬಿಡುಗಡೆಯಾದ ವಾರ ನಮ್ಮೂರ ಪತ್ರಿಕೆಗಳಲ್ಲಿ 'ಸ್ಟ್ಯಾನ್‌ಫರ್ಡ್ ಪಟ್ಟಿಯಲ್ಲಿ ನಮ್ಮ ಪ್ರಾಧ್ಯಾಪಕರು' ಅಂತ ಫೋಟೋ ಬರುತ್ತದೆ. ಮಾಡುವವರು ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಜಾನ್ ಐಯೊನಿಡಿಸ್ ಮತ್ತು ಸಂಗಡಿಗರು. ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿ ಅಲ್ಲ. ಅಂಕಿಅಂಶ ಸ್ಕೋಪಸ್‌ನದು. ಅದರಲ್ಲಿ ಎರಡು ಪಟ್ಟಿ ಇವೆ. ಒಂದು ಇಡೀ ವೃತ್ತಿಜೀವನದ್ದು, ಇನ್ನೊಂದು ಒಂದು ವರ್ಷದಲ್ಲಿ ಬಂದ ಸೈಟೇಶನ್‌ದು. ಪತ್ರಿಕೆಯ ಸುದ್ದಿಯಲ್ಲಿ ಯಾವ ಪಟ್ಟಿ ಅಂತ ಬಹುಪಾಲು ಹೇಳಿರುವುದೇ ಇಲ್ಲ. ನಿಮ್ಮ ಕಾಲಂನಲ್ಲಿ ಇವೆರಡೂ ಬೆರೆತಿವೆಯಾ ನೋಡಿಕೊಳ್ಳಿ.

ಆದರೂ ಆ ಪಟ್ಟಿಯನ್ನು ಮಾಡಿದವರ ಯೋಚನೆ ನನಗೆ ಇಷ್ಟ. ಎಚ್-ಇಂಡೆಕ್ಸ್‌ನ ದೋಷಗಳನ್ನು ಸರಿಪಡಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸಿದ್ದಾರೆ. ಆರು ಅಳತೆ ಸೇರಿಸಿ ಒಂದು ಅಂಕ ಕೊಡುತ್ತಾರೆ: ಒಟ್ಟು ಸೈಟೇಶನ್, ಎಚ್, ಸಹಲೇಖಕರ ಸಂಖ್ಯೆಗೆ ತಕ್ಕಂತೆ ತಗ್ಗಿಸಿದ ಎಚ್, ಆಮೇಲೆ ಒಬ್ಬರೇ ಬರೆದ, ಮೊದಲ ಹೆಸರಾಗಿ ಬರೆದ, ಕೊನೆಯ ಹೆಸರಾಗಿ ಬರೆದ ಪ್ರಬಂಧಗಳಿಗೆ ಬಂದದ್ದು. ಹೀಗೆ ಮಾಡಿದರೆ ಐದು ಸಾವಿರ ಹೆಸರಿನ ನಡುವೆ ಇದ್ದವರು ಸುಮ್ನೆ ಮೇಲೆ ಬರುವುದಿಲ್ಲ. ಸ್ವಂತ ಸೈಟೇಶನ್ ಸೇರಿಸಿ ಒಂದು ರ‍್ಯಾಂಕ್, ಬಿಟ್ಟು ಒಂದು ರ‍್ಯಾಂಕ್ ಎರಡನ್ನೂ ಕೊಡುತ್ತಾರೆ. ಈಚೆಗೆ ಹಿಂತೆಗೆದುಕೊಂಡ ಪ್ರಬಂಧಗಳ ಮಾಹಿತಿಯನ್ನೂ ಸೇರಿಸಿದ್ದಾರೆ. ಫೈಲ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

2019ರಲ್ಲಿ ಇದೇ ಫೈಲಿನಿಂದ ಬಯಲಾದ ಸಂಗತಿ ಕೇಳಿ. ಸಾಮಾನ್ಯ ವಿಜ್ಞಾನಿಯ ಸೈಟೇಶನ್‌ಗಳಲ್ಲಿ ತಾವು ಅಥವಾ ತಮ್ಮ ಸಹಲೇಖಕರು ಕೊಟ್ಟದ್ದು ಶೇ 12.7ರ ಆಸುಪಾಸು. ಅದರಲ್ಲಿ ತಪ್ಪೇನಿಲ್ಲ, ಹಿಂದಿನ ಕೆಲಸದ ಮೇಲೇ ಮುಂದಿನದು ನಿಲ್ಲುತ್ತದೆ. ಆದರೆ ಸುಮಾರು 250 ಜನರಿಗೆ ಅರ್ಧಕ್ಕಿಂತ ಹೆಚ್ಚು ಹೀಗೇ ಬಂದಿತ್ತು. ಚೆನ್ನೈನ ಒಂದು ಖಾಸಗಿ ಸಂಸ್ಥೆಯ ಕಂಪ್ಯೂಟರ್ ವಿಜ್ಞಾನಿಯೊಬ್ಬರದು ಶೇ 94.

ಈಗ ನಿಮಗೆ ನೇರವಾಗಿ ಬೇಕಾದ ವಿಷಯ. ಆ ಪಟ್ಟಿ ವಿಜ್ಞಾನವನ್ನು ಸುಮಾರು 174 ಉಪಕ್ಷೇತ್ರಗಳಾಗಿ ಒಡೆಯುತ್ತದೆ. ಅವುಗಳಲ್ಲಿ ಲಿಕ್ವಿಡ್ ಕ್ರಿಸ್ಟಲ್ ಅಂತ ಒಂದು ಉಪಕ್ಷೇತ್ರವೇ ಇಲ್ಲ! ಆ ಜನ ಫಿಸಿಕಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಕೆಮಿಕಲ್ ಫಿಸಿಕ್ಸ್, ಪಾಲಿಮರ್ ಅಂತ ಹಂಚಿ ಹೋಗಿರುತ್ತಾರೆ. ಯಾರ ಪ್ರಬಂಧಗಳು ಯಾವ ಕಡೆ ಹೆಚ್ಚೋ ಅಲ್ಲಿಗೆ ಸೇರುತ್ತಾರೆ, ಅಲ್ಲಿನವರ ಜೊತೆ ಪೈಪೋಟಿ. ಒಂದೇ ಗುಣಮಟ್ಟದ ಇಬ್ಬರಲ್ಲಿ ಒಬ್ಬರು ಶೇ 2ರೊಳಗೆ, ಇನ್ನೊಬ್ಬರು ಹೊರಗೆ ಇರಬಹುದು.

ಹೆಸರು ಬೇಡ:

ಶೇ 94 ದೂರದ ಮಾತು ಅಂದುಕೊಳ್ಳಬೇಡಿ. ನಾನು ಪಿಎಚ್‌ಡಿ ಮಾಡಿದ ವಿಭಾಗದಲ್ಲಿ ಯಾವ ವಿದ್ಯಾರ್ಥಿ ಪ್ರಬಂಧ ಕಳಿಸುವ ಮುಂಚೆಯೂ ಒಬ್ಬ ಹಿರಿಯರ ಮೇಜಿನ ಮೇಲೆ ಪ್ರತಿ ಇಡಬೇಕಿತ್ತು. ಅದು ಕೊನೆಯ ಪುಟದ ಹತ್ತಿರ ಕೆಂಪು ಇಂಕಿನಲ್ಲಿ ಗುರುತಾಗಿ ವಾಪಸ್ ಬರುತ್ತಿತ್ತು. 'ಇಲ್ಲಿ 14, 15, 16 ಸೇರಿಸು' ಅಂತ. ಆ ಮೂರೂ ಅವರ ಹಳೆಯ ಪ್ರಬಂಧಗಳು. ನನ್ನ ವಿಷಯಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಸೇರಿಸದಿದ್ದರೆ ಸಹಿ ಇಲ್ಲ. ಇಂಥದ್ದು ಸ್ವಂತ ಸೈಟೇಶನ್ ಲೆಕ್ಕದಲ್ಲೂ ಸಿಗುವುದಿಲ್ಲ, ಯಾಕೆಂದರೆ ನನ್ನ ಪ್ರಬಂಧದಲ್ಲಿ ಅವರ ಹೆಸರು ಇರಲಿಲ್ಲ. ಗೈಡ್ ಆರಿಸುವ ಹುಡುಗಿಗೆ ಇದು ಗೊತ್ತಿರಲಿ. ಎತ್ತರದ ಸಂಖ್ಯೆಯ ಕೆಳಗೆ ಕೆಲವೊಮ್ಮೆ ವಿದ್ಯಾರ್ಥಿಗಳು ನಲುಗುತ್ತಿರುತ್ತಾರೆ.

ಜರ್ಮನಿಯ ಪೋಸ್ಟ್‌ಡಾಕ್:

ಓದಿ ಬೇಸರವಾಯಿತು. ಇದೇ ಆಟ ಸಂಸ್ಥೆಗಳ ಮಟ್ಟದಲ್ಲೂ ನಡೆಯುತ್ತದೆ. ಸೈಟೇಶನ್ ಅಂಕಿಅಂಶ ಇಡುವ ಕ್ಲ್ಯಾರಿವೇಟ್ ಕಂಪನಿ ಪ್ರತಿ ವರ್ಷ 'ಹೈಲಿ ಸೈಟೆಡ್ ರಿಸರ್ಚರ್ಸ್' ಪಟ್ಟಿ ಮಾಡುತ್ತದೆ. ಗಣಿತದಲ್ಲಿ ಸೈಟೇಶನ್ ಕಡಿಮೆ ಅಂತ ಮೇಲೆ ಹೇಳಿದರಲ್ಲ, ಅದಕ್ಕೇ ಅಲ್ಲಿ ಗುಂಪು ಕಟ್ಟಿಕೊಂಡು ಒಬ್ಬರಿಗೊಬ್ಬರು ಸೈಟೇಶನ್ ಕೊಟ್ಟರೆ ಬೇಗ ಮೇಲೆ ಬರಬಹುದು. ಗಣಿತ ವಿಭಾಗವೇ ಇಲ್ಲದ ತೈವಾನಿನ ಒಂದು ವೈದ್ಯಕೀಯ ವಿಶ್ವವಿದ್ಯಾಲಯ ಗಣಿತದ ಪಟ್ಟಿಯಲ್ಲಿ ಹೆಸರಾಂತ ಸಂಸ್ಥೆಗಳನ್ನು ಹಿಂದೆ ಹಾಕಿತ್ತು. 2023ರಲ್ಲಿ ಕ್ಲ್ಯಾರಿವೇಟ್ ಗಣಿತವನ್ನೇ ಪಟ್ಟಿಯಿಂದ ಕೈಬಿಟ್ಟಿತು. ಆ ವರ್ಷ ಅನುಮಾನ ಬಂದು ಹೊರಗಿಟ್ಟ ವಿಜ್ಞಾನಿಗಳ ಸಂಖ್ಯೆ 1000ಕ್ಕೂ ಹೆಚ್ಚು, 2024ರಲ್ಲಿ 2000ಕ್ಕೂ ಹೆಚ್ಚು.

ಗೂಗಲ್ ಸ್ಕಾಲರ್ ಅಂತೂ ಇನ್ನೂ ಸುಲಭ. 2010ರಲ್ಲಿ ಫ್ರಾನ್ಸಿನ ಸಿರಿಲ್ ಲಾಬೆ ಎಂಬ ಸಂಶೋಧಕರು ಐಕ್ ಆಂಟ್ಕೇರ್ ಅಂತ ಇಲ್ಲದ ವಿಜ್ಞಾನಿಯೊಬ್ಬನನ್ನು ಸೃಷ್ಟಿಸಿದರು. ಕಂಪ್ಯೂಟರ್ ತಾನಾಗಿ ಬರೆದ ಅರ್ಥವಿಲ್ಲದ ಪ್ರಬಂಧಗಳು ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿ ವೆಬ್‌ಗೆ ಹಾಕಿದರು. ಅವನ ಎಚ್ 94 ಆಯಿತು, ಐನ್‌ಸ್ಟೈನ್‌ಗಿಂತ ಮೇಲೆ. 2024ರಲ್ಲಿ ಇಬ್ಬರು ಸಂಶೋಧಕರು ಲ್ಯಾರಿ ಎಂಬ ಬೆಕ್ಕಿನ ಹೆಸರಿನಲ್ಲೂ ಇದನ್ನು ಮಾಡಿ ತೋರಿಸಿದರು. ದುಡ್ಡು ಕೊಟ್ಟು ಸೈಟೇಶನ್ ಕೊಳ್ಳುವ ದಂಧೆ ನಡೆಯುತ್ತಿದೆ, ಅದನ್ನು ಬಯಲು ಮಾಡಲು ಅಂತಲೇ.

ಶರಾವತಿ ಕಪ್ಪೆ:

ಜೀವಿ ವರ್ಗೀಕರಣ ಮಾಡುವವರ ಪರವಾಗಿ ಎರಡು ಮಾತು. 2014ರಲ್ಲಿ ಪಶ್ಚಿಮ ಘಟ್ಟದಿಂದ ಒಂದು ಹೊಸ ಕಪ್ಪೆ ವರದಿಯಾಯಿತು. ಗಂಡು ಕಪ್ಪೆ ಹಳ್ಳದ ಪಕ್ಕದಿಂದ ಕೆಸರು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅದಕ್ಕೇ ಅದರ ಹೆಸರು ನಿಕ್ಟಿಬಾಟ್ರಾಕಸ್ ಕುಂಬಾರ. ಅದನ್ನು ಕಂಡವರು ರಾತ್ರಿಯಿಡೀ ಹಳ್ಳದಲ್ಲಿ ನಿಂತು ನೋಡಿದ ಜನ. ಆದರೆ ಮುಂದೆ ಆ ಕಪ್ಪೆಯನ್ನು ಯಾರೋ ತಮ್ಮ ಸಮೀಕ್ಷೆಯಲ್ಲಿ ಬಳಸಿದಾಗ ಜೀವಿಯ ಹೆಸರು ಬರೆಯುತ್ತಾರೆ, ಮೂಲ ಪ್ರಬಂಧವನ್ನು ಕೊನೆಯ ಉಲ್ಲೇಖಗಳಲ್ಲಿ ಹಾಕುವುದು ಕಡಿಮೆ.

ಆ ಪ್ರಬಂಧ ಬಂದದ್ದು ಝೂಟ್ಯಾಕ್ಸಾ ಜರ್ನಲ್‌ನಲ್ಲಿ. ಪ್ರಾಣಿಗಳ ಹೊಸ ಪ್ರಭೇದಗಳ ದೊಡ್ಡ ಪಾಲು ಅಲ್ಲೇ ಪ್ರಕಟವಾಗುತ್ತದೆ. ಹಾಗಾಗಿ ಅಲ್ಲಿ ಬರೆಯುವವರು ಅಲ್ಲಿನ ಹಳೆಯ ಪ್ರಬಂಧಗಳನ್ನೇ ಉಲ್ಲೇಖಿಸಬೇಕು, ಬೇರೆ ದಾರಿಯಿಲ್ಲ. 2020ರಲ್ಲಿ ಕ್ಲ್ಯಾರಿವೇಟ್ ಇದನ್ನೇ ಸ್ವಂತ ಸೈಟೇಶನ್ ಅತಿಯಾಯಿತು ಅಂತ ಎಣಿಸಿ ಅದರ ಇಂಪ್ಯಾಕ್ಟ್ ಫ್ಯಾಕ್ಟರ್ ತಡೆಹಿಡಿಯಿತು. ಜಗತ್ತಿನೆಲ್ಲೆಡೆಯ ವರ್ಗೀಕರಣಕಾರರು ಗಲಾಟೆ ಮಾಡಿದ ಮೇಲೆ ವಾಪಸ್ ಕೊಟ್ಟಿತು. ಕಳ್ಳರನ್ನು ಹಿಡಿಯಲು ಮಾಡಿದ ನಿಯಮ ಪ್ರಾಮಾಣಿಕರ ಮೇಲೆ ಬಿತ್ತು.

ಮಂಡ್ಯ ಹೊಲ:

ಕಪ್ಪೆಯವರ ಮಾತಿಗೆ ಸೇರಿಸುತ್ತೇನೆ. ರಾಗಿ ಲಕ್ಷ್ಮಣಯ್ಯ ಅವರ ಹೆಸರು ಕೇಳಿದ್ದೀರಲ್ವಾ? ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಕೂತು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಅಡ್ಡತಳಿ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟವರು. ನಮ್ಮ ಕಡೆ ಎಕರೆಗೆ ಬರುವ ರಾಗಿಯ ಲೆಕ್ಕವನ್ನೇ ಅವು ಬದಲಿಸಿದವು. ಬಿತ್ತಿದ ರೈತ ಪ್ರಬಂಧ ಬರೆಯುವುದಿಲ್ಲ, ಉಲ್ಲೇಖ ಕೊಡುವುದಿಲ್ಲ. ಯಾವ ಪಟ್ಟಿ ಅವರನ್ನು ಎಲ್ಲಿ ಇಡುತ್ತದೆ?

ಗ್ರಂಥಾಲಯದ ಮೇಜು:

ನಮ್ಮ ಕಡೆಯವರಿಗೆ ಮಾತ್ರ ಇರುವ ಒಂದು ತೊಂದರೆ ಹೇಳಲು ಮರೆಯಬಾರದು. ಈ ಡೇಟಾಬೇಸ್‌ಗಳು ಎಲ್ಲರಿಗೂ ಒಂದು ಮನೆತನದ ಹೆಸರು ಇದೆ ಅಂದುಕೊಂಡು ಕಟ್ಟಿದವು. ನಮ್ಮಲ್ಲಿ ಇನಿಷಿಯಲ್ ಇರುತ್ತದೆ. ಒಂದು ಊರಿನದು, ಒಂದು ಅಪ್ಪನದು. ಒಬ್ಬ ಮಂಜುನಾಥ್ ಒಂದು ಜರ್ನಲ್‌ನಲ್ಲಿ 'ಮಂಜುನಾಥ್ ಕೆ.ಆರ್.', ಇನ್ನೊಂದರಲ್ಲಿ 'ಕೆ.ಆರ್. ಮಂಜುನಾಥ್'. ಪಾಸ್‌ಪೋರ್ಟ್ ಆದ ಮೇಲೆ ಅಪ್ಪನ ಹೆಸರು ಹಿಂದೆ ಸೇರಿ 'ರಾಮಯ್ಯ ಎಂ.' ಕೂಡ ಆಗಬಹುದು. ಮೂರು ಪ್ರೊಫೈಲ್, ಮೂರರಲ್ಲೂ ಸಣ್ಣ ಎಚ್. ಮದುವೆಯಾದ ಮೇಲೆ ಹೆಸರು ಬದಲಾದ ಹೆಣ್ಣುಮಕ್ಕಳಿಗೂ ಇದೇ ಗತಿ. ಇನ್ನೊಂದು ಕಡೆ 'ಎಸ್. ಕುಮಾರ್' ಅಂತ ಹುಡುಕಿದರೆ ಹತ್ತು ಜನರ ಪ್ರಬಂಧ ಒಬ್ಬರ ಖಾತೆಗೆ ಬಿದ್ದಿರುವುದು ಕಾಣುತ್ತದೆ. ಕ್ಯಾನ್ಸರ್ ಔಷಧ, ಬ್ಯಾಟರಿ, ನೀರು ಅಂತ ನಿಮ್ಮ ಮೊದಲ ಸಾಲಿನವರ ಪಟ್ಟಿ ಇದೆಯಲ್ಲ, ಅವರು ಒಬ್ಬರೇನಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಅವರ ಆರ್ಕಿಡ್ (ORCID) ಐಡಿ, ಅಂದರೆ ಪ್ರತಿ ಸಂಶೋಧಕರಿಗೂ ಪ್ರತ್ಯೇಕವಾಗಿ ಕೊಡುವ ಗುರುತಿನ ಸಂಖ್ಯೆ, ಇದ್ದರೆ ಅಲ್ಲಿ ನೋಡಿ. 2012ರಿಂದ ಆ ವ್ಯವಸ್ಥೆ ಇರುವುದೇ ಇದಕ್ಕೆ.

ಧಾರವಾಡದ ಎಂಎಸ್ಸಿ:

ನೋಡಿದೆ! ಗೂಗಲ್ ಸ್ಕಾಲರ್ ಪ್ರೊಫೈಲ್‌ನಲ್ಲಿ ಕನಿಷ್ಠ ಇಬ್ಬರು ಬೇರೆ ಬೇರೆ ಜನರ ಪ್ರಬಂಧ ಬೆರೆತಿವೆ. ಸಂಸ್ಥೆಗಳೇ ಬೇರೆ. ತುಂಬಾ ಥ್ಯಾಂಕ್ಸ್. ಹಾಗಾದರೆ ಸೈಟೇಶನ್ ಅನ್ನು ಪೂರ್ತಿ ಬಿಟ್ಟುಬಿಡಬೇಕಾ? ಬಿಟ್ಟರೆ ನನಗೆ ಬೇರೆ ದಾರಿಯೂ ಗೊತ್ತಿಲ್ಲ.

ರಾಮನ್ ಸಂಸ್ಥೆಯ ಹಳೆಯ ವಿದ್ಯಾರ್ಥಿ:

ಬಿಡಬೇಡಿ. ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಸೈಟೇಶನ್ ಸೂಚಿಯ ವಿಚಾರ ಮುಂದಿಟ್ಟದ್ದು ವಿಜ್ಞಾನಿಗಳಿಗೆ ರ‍್ಯಾಂಕ್ ಕೊಡಲು ಅಲ್ಲ. ಒಂದು ವಿಚಾರ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಹಿಂಬಾಲಿಸಲು. ನೀವೂ ಹಾಗೇ ಬಳಸಿ. ನಿಮ್ಮದೇ ವಿಷಯದಲ್ಲಿ ಮಾಡಿ ತೋರಿಸುತ್ತೇನೆ.

1977ರವರೆಗೆ ಲಿಕ್ವಿಡ್ ಕ್ರಿಸ್ಟಲ್ ಆಗಬೇಕಾದರೆ ಅಣು ಕಡ್ಡಿಯ ಆಕಾರದಲ್ಲಿರಬೇಕು ಅನ್ನುವ ನಂಬಿಕೆ ಇತ್ತು. ಆ ವರ್ಷ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ತಟ್ಟೆಯಂಥ ಅಣುಗಳೂ ಲಿಕ್ವಿಡ್ ಕ್ರಿಸ್ಟಲ್ ಆಗುತ್ತವೆ ಅಂತ ತೋರಿಸಿದರು. ಬೆಂಜೀನ್ ಉಂಗುರಕ್ಕೆ ಆರು ಕಡೆ ಉದ್ದ ಬಾಲಗಳನ್ನು ಜೋಡಿಸಿದ ಅಣುಗಳು. ಅವು ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆ. ಇವತ್ತು ಡಿಸ್ಕೋಟಿಕ್ ಅಂತ ಕರೆಯುವ ಇಡೀ ವರ್ಗ ಶುರುವಾದದ್ದು ಅಲ್ಲಿಂದ. ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಸರಿಯಾಗಿ ಕಾಣಲು ಬಳಸಿದ ಫಿಲ್ಮುಗಳಲ್ಲೂ ಈ ಬಗೆಯ ಅಣುಗಳಿದ್ದವು. ಪ್ರಬಂಧ ಬಂದದ್ದು ನಮ್ಮದೇ 'ಪ್ರಮಾಣ' ಜರ್ನಲ್‌ನಲ್ಲಿ. ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಜರ್ನಲ್ ಆರಿಸುವವರು ಇವತ್ತು ಆ ಕಡೆ ತಿರುಗಿಯೂ ನೋಡುವುದಿಲ್ಲ. ಆದರೂ ಜಗತ್ತು ಹುಡುಕಿಕೊಂಡು ಬಂದು ಅದನ್ನು ಉಲ್ಲೇಖಿಸಿತು.

ಈಗ ಆ ಪ್ರಬಂಧವನ್ನು ಸ್ಕಾಲರ್‌ನಲ್ಲಿ ತೆರೆದು 'ಸೈಟೆಡ್ ಬೈ' ಒತ್ತಿ. ಈಚಿನ ಐದು ವರ್ಷಕ್ಕೆ ಮಿತಿ ಹಾಕಿ. ಯಾರ ಹೆಸರು ಮತ್ತೆ ಮತ್ತೆ ಬರುತ್ತದೆ ಬರೆದುಕೊಳ್ಳಿ. ಅವರಲ್ಲಿ ಭಾರತದಲ್ಲಿರುವವರ ತಲಾ ಎರಡು ಪ್ರಬಂಧ ಓದಿ, ಬರೀ ಸಾರಾಂಶ ಅಲ್ಲ, ಪ್ರಯೋಗದ ಭಾಗವನ್ನೂ. ಅಲ್ಲಿ ನಡೆಯುವ ಕೆಲಸವನ್ನು ಐದು ವರ್ಷ ದಿನಾ ಬೆಳಿಗ್ಗೆ ಎದ್ದು ಮಾಡಲು ನಿಮಗೆ ಇಷ್ಟವಾಗುತ್ತದಾ ನೋಡಿ. ಬೇರೆಯವರು ಅವರನ್ನು ಉಲ್ಲೇಖಿಸಿದ ಸಾಲನ್ನು ಹುಡುಕಿ ಓದಿ. 'ಈ ಅಣುವನ್ನು ಇವರ ವಿಧಾನದಿಂದ ಮಾಡಿದೆವು' ಅಂತ ಬರೆದಿದ್ದರೆ ಅದು ಗಟ್ಟಿ ಸೈಟೇಶನ್. ಪೀಠಿಕೆಯಲ್ಲಿ ಒಂದೇ ವಾಕ್ಯಕ್ಕೆ ಹದಿನೈದು ಉಲ್ಲೇಖಗಳ ನಡುವೆ ಸೇರಿಸಿದ್ದರೆ ಅದಕ್ಕೆ ತೂಕ ಕಡಿಮೆ. ಎರಡಕ್ಕೂ ಎಣಿಕೆಯಲ್ಲಿ ಒಂದೇ ಬೆಲೆ.

ಆಮೇಲೆ ಭಾರತದ ವಿಶ್ವವಿದ್ಯಾಲಯಗಳ ಥೀಸಿಸ್‌ಗಳನ್ನು ಇಡುವ ಶೋಧಗಂಗಾ ಜಾಲತಾಣಕ್ಕೆ ಹೋಗಿ ಗೈಡ್ ಹೆಸರಿನಲ್ಲಿ ಹುಡುಕಿ. ಅವರ ಹಿಂದಿನ ವಿದ್ಯಾರ್ಥಿಗಳ ಥೀಸಿಸ್ ಸಿಗುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯವರದು ಅವರದೇ ಭಂಡಾರದಲ್ಲಿದೆ. ಥೀಸಿಸ್‌ನ ಅಧ್ಯಾಯಗಳು ಪ್ರಬಂಧಗಳಾದಾಗ ಮೊದಲ ಹೆಸರು ವಿದ್ಯಾರ್ಥಿಯದೇ ಇದೆಯಾ ನೋಡಿ. ಕೃತಜ್ಞತೆಯ ಪುಟ ಓದಿ. ಅವರಲ್ಲಿ ಒಬ್ಬಿಬ್ಬರಿಗೆ ಮೇಲ್ ಮಾಡಿ ಕೇಳಿ, ಹೆಚ್ಚಿನವರು ಉತ್ತರ ಕೊಡುತ್ತಾರೆ. 'ಹೆಸರು ಬೇಡ' ಅವರು ಹೇಳಿದಂಥ ವಿಭಾಗವಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ತಾಲೂಕು ಕಾಲೇಜಿನಿಂದ:

ಒಂದು ಸೇರಿಸಲಿ. ಪಟ್ಟಿಯಲ್ಲಿ ಚಿಕ್ಕ ವಯಸ್ಸಿನ ಗೈಡ್‌ಗಳನ್ನೂ ಇಟ್ಟುಕೊಳ್ಳಿ. ಅವರ ಎಚ್ ಕಡಿಮೆ ಇರಲೇಬೇಕು, ಈಗಷ್ಟೇ ಶುರು ಮಾಡಿದ್ದಾರೆ. ಆದರೆ ಲ್ಯಾಬಿನಲ್ಲಿ ನಿಮ್ಮ ಪಕ್ಕದಲ್ಲೇ ನಿಂತು ಕಲಿಸುವವರು ಅವರೇ. ಹಿಂತೆಗೆದುಕೊಂಡ ಪ್ರಬಂಧ ಏನಾದರೂ ಇದೆಯಾ ಅಂತ ರಿಟ್ರ್ಯಾಕ್ಷನ್ ವಾಚ್ ಡೇಟಾಬೇಸ್‌ನಲ್ಲಿ ಒಮ್ಮೆ ನೋಡಿ. 2025ರಿಂದ ಸಂಸ್ಥೆಗಳಿಗೆ ರ‍್ಯಾಂಕ್ ಕೊಡುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಕೂಡ ಹಿಂತೆಗೆದುಕೊಂಡ ಪ್ರಬಂಧಗಳಿಗೆ ಸಂಸ್ಥೆಗಳ ಅಂಕ ಕಡಿಯುತ್ತಿದೆ. ಹಾಗಂತ ಒಂದು ಹಿಂತೆಗೆತ ಕಂಡ ಕೂಡಲೇ ದೂರ ಓಡಬೇಡಿ. ತಮ್ಮ ತಪ್ಪು ತಾವೇ ಕಂಡು ಹಿಂದೆ ತೆಗೆದುಕೊಂಡವರೂ ಇದ್ದಾರೆ, ಅದು ಪ್ರಾಮಾಣಿಕತೆ. ಕಾರಣ ಓದಿ.

ಧಾರವಾಡದ ಎಂಎಸ್ಸಿ:

ಎಲ್ಲರಿಗೂ ತುಂಬಾ ಕೃತಜ್ಞತೆ. ಎಚ್ ಕಾಲಂ ಅಳಿಸಿಲ್ಲ, ಬಲಗಡೆಯ ಕೊನೆಗೆ ಸರಿಸಿದ್ದೇನೆ. ಅದರ ಜಾಗದಲ್ಲಿ 'ಓದಿದ ಎರಡು ಪ್ರಬಂಧ', 'ವಿದ್ಯಾರ್ಥಿ ಮೊದಲ ಲೇಖಕರಾ', 'ಹಳೆಯ ವಿದ್ಯಾರ್ಥಿ ಏನಂದರು' ಅಂತ ಮೂರು ಹೊಸ ಕಾಲಂ. ಮೇಡಂ ಹೊಗಳಿದವರ ಪ್ರಬಂಧ ತೆರೆದೆ. ತಟ್ಟೆ ಆಕಾರದ ಅಣುಗಳ ಮೇಲೆಯೇ ಕೆಲಸ, ಪ್ರತಿ ಪ್ರಬಂಧದಲ್ಲೂ ಲೇಖಕರು ನಾಲ್ಕೈದು ಜನ ಅಷ್ಟೇ. ಅವರಿಗೆ ಬರೆಯಬೇಕೆಂದಿದ್ದೇನೆ. ಒಂದು ಕೊನೆಯ ಪ್ರಶ್ನೆ. ನಮ್ಮ ಕಾಲೇಜಿನಲ್ಲಿ ಸ್ಕೋಪಸ್ ಚಂದಾ ಇಲ್ಲ. ಅಲ್ಲಿನ ಪ್ರೊಫೈಲ್ ನೋಡಲು ದುಡ್ಡು ಕಟ್ಟಬೇಕಾ?

ಗ್ರಂಥಾಲಯದ ಮೇಜು:

ಬೇಡ. ಲೇಖಕರ ಹೆಸರು ಹುಡುಕಿ ಪ್ರೊಫೈಲ್ ನೋಡುವುದು ಅಲ್ಲಿ ಚಂದಾ ಇಲ್ಲದವರಿಗೂ ಉಚಿತ. ಪೂರ್ತಿ ಪಟ್ಟಿ ಬೇಕಾದರೆ ಓಪನ್‌ಅಲೆಕ್ಸ್ ಡೇಟಾಬೇಸ್ ಬಳಸಿ, 2022ರಲ್ಲಿ ಶುರುವಾದದ್ದು, ಎಲ್ಲವೂ ಮುಕ್ತ. ಅಲ್ಲೂ ಇನಿಷಿಯಲ್ ಗೊಂದಲ ಇದೆ, ಹೆಸರನ್ನು ಎರಡೂ ಕಡೆಯಿಂದ ಬರೆದು ಹುಡುಕಿ. ಪ್ರೊಫೆಸರ್‌ಗೆ ಬರೆಯುವ ಮೇಲ್‌ನಲ್ಲಿ ನೀವು ಓದಿದ ಪ್ರಬಂಧದ ಒಂದು ಪ್ರಯೋಗದ ಬಗ್ಗೆ ನಿಮಗಿರುವ ನಿಜವಾದ ಅನುಮಾನ ಕೇಳಿ.